ಅಕ್ಕನ ಕಾಲು ಗುಣವಾದ ಮಧ್ಯಾಹ್ನ

ಈಗಲೂ ಔಷಧಿ ಅಂಗಡಿಯಲ್ಲಿ ನೋವಿನ ಮುಲಾಮಿನ ವಾಸನೆ ಬಂದರೆ ನನಗೆ ಅಕ್ಕನ ಬಲಗಾಲು ನೆನಪಾಗುತ್ತದೆ.

ಅಕ್ಕ ಹೈಸ್ಕೂಲಿನ ಖೋಖೋ ತಂಡದಲ್ಲಿದ್ದಳು. ಆಡುವಾಗ ಪಾದದ ಗಂಟು ಉಳುಕಿ ದಪ್ಪಗೆ ಊದಿಕೊಂಡಿತು. ಕೊಪ್ಪದ ಆಸ್ಪತ್ರೆಯ ಫಿಸಿಯೋಥೆರಪಿ ಮೇಡಂ, "ಜೋರಾಗಿ ತಿಕ್ಕಬೇಡ. ಊತ ಇಳಿದ ಮೇಲೆ ದಿನಾ ಒಂಟಿ ಕಾಲಲ್ಲಿ ನಿಲ್ಲೋದು ಅಭ್ಯಾಸ ಮಾಡು. ನೋವಿಲ್ಲದೆ ನಿಂತು, ಓಡೋಕೂ ಆದ್ರೆ ಮತ್ತೆ ಆಡಬಹುದು" ಎಂದಿದ್ದರು. ಅಕ್ಕ ಮುಲಾಮು ಸವರಿಕೊಂಡು ಗೋಡೆ ಹಿಡಿದು ನಿಲ್ಲತೊಡಗಿದಳು. ಬರಬರುತ್ತಾ ಗೋಡೆ ಬಿಟ್ಟಳು, ಗದ್ದೆಯಂಚಿನಲ್ಲಿ ಓಡಿಯೂ ನೋಡಿದಳು.

ಜಿಲ್ಲಾ ಪಂದ್ಯ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಅಪ್ಪಯ್ಯ ಊಟ ಮುಗಿಸಿ ಜಗುಲಿಯಲ್ಲಿ ಕೂತಿದ್ದಾಗ ಅಕ್ಕ ಕಾದ ಅಂಗಳಕ್ಕಿಳಿದು, "ಅಪ್ಪಯ್ಯ, ನೋಡಿ" ಎಂದು ಕಣ್ಣು ಮುಚ್ಚಿ ಬಲಗಾಲೊಂದರ ಮೇಲೆ ನಿಂತಳು. ಸ್ವಲ್ಪವೂ ವಾಲಲಿಲ್ಲ. ನಾನು ಚಪ್ಪಾಳೆ ತಟ್ಟಿದೆ.

"ಗುಣ ಆಯ್ತಲ್ಲ, ಸಾಕು," ಎಂದರು ಅಪ್ಪಯ್ಯ ಸಮಾಧಾನದಿಂದ. "ಇನ್ನು ಆಟ ಬೇಡ. ಮುಂದೆ ಹೆಣ್ಣು ನೋಡೋಕೆ ಬಂದವರ ಎದುರು ಕುಂಟಿದ್ರೆ ಎಂತ ಮಾಡೋದು ಮಾರಾಯ್ತಿ?"

ಅಕ್ಕ ಕಣ್ಣು ತೆರೆದಳು. ಎತ್ತಿದ ಕಾಲನ್ನು ಮಾತ್ರ ತುಂಬ ಹೊತ್ತು ಕೆಳಗಿಡಲಿಲ್ಲ.

ಮರುದಿನ ತಂಡದ ಹುಡುಗಿಯರು ಕರೆಯಲು ಬಂದಾಗ ಅಪ್ಪಯ್ಯ ಒಳಗೇ ಇದ್ದರು. "ನೋವು ಇನ್ನೂ ಹೋಗಿಲ್ಲ ಕಣ್ರೇ" ಎಂದು ಅಕ್ಕನೇ ಹೇಳಿ ಕಳಿಸಿದಳು.