ಶನಿವಾರದವರೆಗೂ ಸರಿಯಿದೆ

ಊರು ಕಡಲಡಿಗೆ ಇಳಿದು ಎರಡು ತಲೆಮಾರು ಕಳೆದಿತ್ತು. ಊರ ಸುತ್ತಲಿನ ಗಾಜಿನ ಗೋಡೆಗೆ ದಿನಾ ಬೆಳಿಗ್ಗೆ ಕಿವಿಯಿಟ್ಟು, ಬಿರುಕಿನ ಸದ್ದಿಲ್ಲವೆಂದು ಖಾತ್ರಿಯಾದ ಮೇಲೆ ಪುಸ್ತಕದಲ್ಲಿ 'ಸರಿಯಿದೆ' ಎಂದು ಬರೆಯುವುದು ವಾಮದೇವಪ್ಪನ ಕೆಲಸ. ಈಗೀಗ ಇಡೀ ವಾರದ್ದನ್ನು ಸೋಮವಾರವೇ ಬರೆದುಬಿಡುತ್ತಿದ್ದ.

"ಸರ್, ಇವತ್ತಿನ್ನೂ ಬುಧವಾರ. ಶನಿವಾರದ್ದೂ ಸರಿಯಿದೆಯಾ?" ಹೊಸದಾಗಿ ಸೇರಿದ್ದ ಫರೀದಾ ಕೇಳಿದಳು.

"ಹದಿನೆಂಟು ವರ್ಷದಿಂದ ಏನೂ ಆಗಿಲ್ಲಮ್ಮ. ಶನಿವಾರ ಏನಾಗುತ್ತೆ?"

ಹಾಗೆ ಗದರಿದನಾದರೂ ಅವಳ ಮಾತು ಚುಚ್ಚುತ್ತಲೇ ಇತ್ತು. ಎದ್ದು ಗೋಡೆಯ ಬಳಿ ಹೋದ. ಕಿವಿಯಿಡುವ ಜಾಗದಲ್ಲಿ ಧೂಳು ದಪ್ಪಗೆ ಕೂತಿತ್ತು. ಒರೆಸಿ ಕಿವಿಯಿಟ್ಟ. ಒಗ್ಗರಣೆಯ ಸಾಸಿವೆಯಂತೆ ಗಾಜು ಒಳಗೊಳಗೇ ಚಟಪಟ ಸಿಡಿಯುತ್ತಿತ್ತು.

ಓಡಿಹೋಗಿ ಅಪಾಯದ ಗಂಟೆಯ ಹಗ್ಗ ಜಗ್ಗಿದ. ಸದ್ದು ಊರಿಗೆಲ್ಲ ಮೊಳಗಿತು. ಕೆಳಗೆ ಮಾರುಕಟ್ಟೆಯಲ್ಲಿ ಒಬ್ಬರೂ ತಲೆಯೆತ್ತಲಿಲ್ಲ. ಬೆಂಡೆಕಾಯಿಯ ತುದಿ ಮುರಿದು ಎಳೆಯದೋ ಬಲಿತದ್ದೋ ಎಂದು ನೋಡುತ್ತಲೇ ಇದ್ದರು. ಮನೆಗೆ ಫೋನ್ ಮಾಡಿದ.

ಅವನು ಬಾಯಿ ತೆರೆಯುವ ಮೊದಲೇ ಹೆಂಡತಿ ನಕ್ಕಳು. "ಗಾಬರಿಯೇನೂ ಆಗಿಲ್ಲ ಬಿಡಿ. ಗಂಟೆ ಸುಮ್ನೆ ಪರೀಕ್ಷೆಗೆ ಹೊಡೀತಾರೆ ಅಂತ ನೀವೇ ಊರಿಗೆಲ್ಲ ಹೇಳಿದ್ರಲ್ಲ. ಅನ್ನಕ್ಕಿಟ್ಟಿದ್ದೀನಿ, ಬೇಗ ಬನ್ನಿ."