ಕಂಟಕ ಹೊತ್ತ ಮೀನು

ಒಂದಾನೊಂದು ಮನೆಯಲ್ಲಿ, ಪೊರೆ ಬಂದು ಕಣ್ಣು ಮಂಜಾದ ಅಜ್ಜಿಯೊಬ್ಬಳಿದ್ದಳು. ಅವಳಿಗೆ ಡಾಕ್ಟರಿಗಿಂತ ಅಕ್ವೇರಿಯಂ ಮೇಲೇ ನಂಬಿಕೆ.

"ಸಾಕಿದ ಮೀನು ಸತ್ತರೆ ಮನೆಯವರ ಕಂಟಕ ಹೊತ್ಕೊಂಡು ಹೋಗುತ್ತೆ. ಒಂದು ಸಾಯ್ಲಿ, ಆಪರೇಷನ್ನಿಗೆ ಬರ್ತೀನಿ. ಮಾತು ಅಂದ್ರೆ ಮಾತು."

"ಬೇಗ ಸಾಯ್ರಪ್ಪಾ ಅಂತ ಮೀನುಗಳಿಗೆ ಹೇಳ್ಲಾ ಅಜ್ಜೀ?" ಅಂದಳು ಮೊಮ್ಮಗಳು.

"ಹೇಳು. ನಿನ್ನ ಮಾತು ಅವಾದ್ರೂ ಕೇಳ್ಲಿ."

ಮೀನುಗಳೋ, ಅಜ್ಜಿಯಷ್ಟೇ ಗಟ್ಟಿ. ಕೊನೆಗೆ ಮೊಮ್ಮಗಳು, ಸದಾ ಹೊಟ್ಟೆ ಮೇಲೆ ಮಾಡಿಕೊಂಡೇ ಈಜುವ ಜಾತಿಯ ಕ್ಯಾಟ್‌ಫಿಶ್ ಒಂದನ್ನು ತಂದು ಬಿಟ್ಟಳು.

ಅಜ್ಜಿ ಗಾಜಿಗೆ ಮೂಗು ತಾಗಿಸಿ ನೋಡಿದಳು. "ಅಯ್ಯೋ ಪಾಪ, ಮಗುಚ್ಕೊಂಡಿದೆ. ನಡಿ ಆಸ್ಪತ್ರೆಗೆ."

ಎಡಗಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿಸಿಕೊಂಡು ಬಂದವಳು ನೇರ ಅಕ್ವೇರಿಯಂ ಮುಂದೆ ನಿಂತಳು. ಸತ್ತ ಮೀನು ಅಂಗಾತವಾಗಿಯೇ ತಿಂಡಿ ನುಂಗುತ್ತಿತ್ತು. ಮೊಮ್ಮಗಳು ಬೈಗುಳಕ್ಕೆ ಕಾದಳು.

"ಇದನ್ನ ಚೆನ್ನಾಗಿ ನೋಡ್ಕೊಳೇ," ಅಂದಳು ಅಜ್ಜಿ. "ಬಲಗಣ್ಣು ಇನ್ನೂ ಬಾಕಿ ಇದೆ."