ನಾಲ್ಕು ಕಾಲಂ ಜಾಗ

ಹಿರಿಯ ಕವಿಯೊಬ್ಬರು ಆಸ್ಪತ್ರೆ ಸೇರಿ ನಾಲ್ಕು ದಿನವಾಗಿತ್ತು. ಅವರು ಅಂದಿನ ಸಂಜೆ ದಾಟುವುದು ಕಷ್ಟವೆಂದು ಸುದ್ದಿ ಬಂದಿದ್ದರಿಂದ, ಪತ್ರಿಕೆಯ ಉಪಸಂಪಾದಕಿ ವಾರಿಜಾ ಮಧ್ಯಾಹ್ನವೇ ಅವರ ನಿಧನವಾರ್ತೆಯನ್ನು ಮರುದಿನದ ಪುಟಕ್ಕೆ ಕೂರಿಸುತ್ತಿದ್ದಳು. ಎಷ್ಟು ಕತ್ತರಿಸಿದರೂ ಹನ್ನೆರಡು ಸಾಲು ಹೆಚ್ಚಾಗುತ್ತಿತ್ತು. ಕಂಪ್ಯೂಟರಿನಲ್ಲಿ ಸುದ್ದಿಯ ಚೌಕದ ಮೂಲೆಯಲ್ಲಿ, ಸಾಲು ಹೆಚ್ಚಿದೆಯೆಂದು ತೋರಿಸುವ ಕೆಂಪು ಗುರುತು ಹೋಗುತ್ತಲೇ ಇರಲಿಲ್ಲ.

ಅಷ್ಟರಲ್ಲಿ ಫೋನು ಬಂತು. ವಯಸ್ಸಾದವರ ದನಿ, ಆಸ್ಪತ್ರೆಯಿಂದ ಮಾತಾಡುತ್ತಿರುವುದಾಗಿ ಹೇಳಿತು. ಯಾರೋ ಸಂಬಂಧಿಕರಿರಬೇಕೆಂದು ವಾರಿಜಾ ಎದ್ದು ನಿಂತೇ ಮಾತಾಡಿದಳು.

“ಕವಿಗಳ ಬಗ್ಗೆ ಬರೆದಿಟ್ಟಿದ್ದೀರಂತಲ್ಲ. ಪ್ರಶಸ್ತಿಗಳೆಲ್ಲ ಬಂದಿವೆಯಾ ಅಮ್ಮಾ?”

“ಹದಿನೆಂಟೂ ಇವೆ ಸರ್. ಆದ್ರೆ ಜಾಗ ಸಾಲ್ತಿಲ್ಲ, ಆರು ತೆಗೀಬೇಕು.”

“ಪ್ರಶಸ್ತಿ ಮುಟ್ಟಬೇಡಿ. ಹೆಂಡತಿ ಮಕ್ಕಳ ಹೆಸರು ತೆಗೀರಿ.”

ಅವಳಿಗೆ ಕಸಿವಿಸಿಯಾಯಿತು. ಆದರೂ ತೆಗೆದಳು.

“ಇನ್ನೂ ಐದು ಸಾಲು ಹೆಚ್ಚಿದೆ ಸರ್.”

“ಮೊಮ್ಮಕ್ಕಳಿದ್ದಾರಲ್ಲ?”

“ಅವರನ್ನ ಬೆಳಗ್ಗೆಯೇ ತೆಗೆದೆ.”

“ಫೋಟೊ ಎಷ್ಟು ದೊಡ್ಡದು?”

“ಸಿಂಗಲ್ ಕಾಲಂ. ಪುಟದ ಕೆಳಗಿನ ಅರ್ಧ ಸೀರೆ ಅಂಗಡಿ ಜಾಹೀರಾತು ಸರ್.”

ಆ ದನಿ ಏದುಸಿರು ಬಿಡುತ್ತಲೇ ಕೇಳಿತು.

“ನಾಡಿದ್ದಿನ ಪತ್ರಿಕೇಲಿ ಜಾಗ ಹೇಗಿದೆ?”

“ಆವತ್ತು ಜಾಹೀರಾತೇ ಇಲ್ಲ, ನಾಲ್ಕು ಕಾಲಂ ಕೊಡಬಹುದಿತ್ತು. ಆದ್ರೆ ಅವರು ಇವತ್ತೇ ಹೋದ್ರೆ ನಾವೇನು ಮಾಡೋಕಾಗುತ್ತೆ ಸರ್?”

“ಆ ನಾಲ್ಕು ಕಾಲಂ ನನಗೇ ಇಟ್ಟಿರಿ,” ಎಂದಿತು ದನಿ. “ನಾಳೆವರೆಗೂ ಹೇಗಾದ್ರೂ ತಡ್ಕೋತೀನಿ.”